ಬಾಗಿದ ಮರದ ದೀಪ ಮನೆಯಲ್ಲಿ ಆದೀತೇ?

ಪ್ರಶ್ನೆ: ಅಂಗಡಿಯೊಂದರಲ್ಲಿ ಮರದ ಮೇಜುದೀಪ ನೋಡಿದೆ. ಬುಡದಿಂದ ನೆಟ್ಟಗೆ ಎದ್ದ ಪಟ್ಟಿ ಮೇಲೆ ಹೋಗಿ, ಕೊಕ್ಕೆಯ ಹಾಗೆ ಅರ್ಧ ಸುತ್ತು ತಿರುಗಿ, ಕೆಳಕ್ಕೆ ಬೆಳಕು ಬಿಡುತ್ತದೆ. ಎಲ್ಲೂ ಜೋಡಣೆ ಕಾಣಲಿಲ್ಲ. ಪಕ್ಕದಿಂದ ನೋಡಿದಾಗ ಮಾತ್ರ ತೆಳುವಾದ ಗೆರೆಗಳು ಕಂಡವು. ನನ್ನ ಬಳಿ ಗರಗಸ, ಹತ್ತರಿ, ಡ್ರಿಲ್, ಐದಾರು ಸಿ-ಕ್ಲಾಂಪ್ ಇವೆ. ಬಡಗಿಯೊಬ್ಬರನ್ನು ಕೇಳಿದರೆ ‘ಪಟ್ಟಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಬಗ್ಗಿಸಿ’ ಎಂದರು. ಹಾಗೇ ಮಾಡಿದೆ, ಮುರಿಯಿತು. ಹಬೆ ಕೊಡಬೇಕೇ? ಪ್ಲೈವುಡ್ ಆದೀತೇ? ಇದು ಮನೆಯಲ್ಲಿ ಮಾಡುವಂಥ ಕೆಲಸವೇ, ಅಥವಾ ಕಾರ್ಖಾನೆಯದೇ?
— ಓದುಗರು, ಶಿರಸಿ

ಉತ್ತರ: ಮನೆಯಲ್ಲೇ ಆಗುತ್ತದೆ. ಹಬೆ ಬೇಕಿಲ್ಲ, ನೆನೆಸುವುದೂ ಬೇಕಿಲ್ಲ. ಪಕ್ಕದಲ್ಲಿ ತೆಳು ಗೆರೆಗಳು ಕಂಡವು ಎಂದು ಬರೆದಿದ್ದೀರಲ್ಲ, ಗುಟ್ಟು ಇರುವುದು ಅಲ್ಲೇ. ನೀವು ನೋಡಿದ್ದು ಬಗ್ಗಿಸಿದ ಒಂದೇ ಮರವಲ್ಲ. ತೆಳ್ಳಗಿನ ಏಳೆಂಟು ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಅಂಟು ಹಚ್ಚಿ, ಅಚ್ಚಿಗೆ ಬಿಗಿದು, ಬಾಗಿದ ಭಂಗಿಯಲ್ಲೇ ಒಣಗಲು ಬಿಟ್ಟದ್ದು. ಅಂಟು ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೂ ಅದು ನೆಟ್ಟಗಾಗುವುದಿಲ್ಲ. ನಿಮ್ಮ ಸಲಕರಣೆಗಳು ಬಹುಪಾಲು ಸಾಕು. ಕ್ಲಾಂಪುಗಳು ಮಾತ್ರ ಕಡಿಮೆ. ಅದಕ್ಕೊಂದು ಉಪಾಯವಿದೆ, ಮುಂದೆ ಹೇಳುತ್ತೇನೆ.

ಮೊದಲು, ನಿಮ್ಮ ಪಟ್ಟಿ ಮುರಿದದ್ದು ಯಾಕೆ ಎಂದು ನೋಡೋಣ. ಮರವನ್ನು ಬಗ್ಗಿಸಿದಾಗ ಅದರ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಒಣ ಮರದ ಎಳೆಗಳು ಉದ್ದಕ್ಕೆ ಹಿಗ್ಗುವುದು ಹೆಚ್ಚೆಂದರೆ ನೂರಕ್ಕೆ ಒಂದು ಪಾಲಿನ ಆಸುಪಾಸು. ಅದನ್ನು ಮೀರಿ ಎಳೆದರೆ ಹೊರಮೈಯ ಎಳೆ ಪಟ್ಟನೆ ಹರಿಯುತ್ತದೆ, ಸೀಳು ಒಳಕ್ಕೆ ಓಡುತ್ತದೆ. ಎಷ್ಟು ಹಿಗ್ಗಬೇಕಾದೀತು ಎಂಬ ಲೆಕ್ಕ ಸುಲಭ: ಪಟ್ಟಿಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಸಾಕು. 12 ಮಿ.ಮೀ. ದಪ್ಪದ ಪಟ್ಟಿಯನ್ನು 12 ಸೆಂ.ಮೀ. ತ್ರಿಜ್ಯಕ್ಕೆ ಬಗ್ಗಿಸುವುದೆಂದರೆ 12ನ್ನು 240ರಿಂದ ಭಾಗಿಸಿದಂತೆ, ಅಂದರೆ ನೂರಕ್ಕೆ 5. ಮರ ತಾಳುವುದರ ಐದು ಪಟ್ಟು. ಅದೇ ಬಾಗಿಗೆ 1.5 ಮಿ.ಮೀ. ಪಟ್ಟಿ ಹಿಗ್ಗಬೇಕಾದದ್ದು ನೂರಕ್ಕೆ 0.6 ಮಾತ್ರ. ಅಷ್ಟನ್ನು ಅದು ತಣ್ಣಗೆ, ಒಣಗಿದ್ದಾಗಲೇ, ಕೈಬೆರಳಿನ ಬಲಕ್ಕೇ ಕೊಡುತ್ತದೆ.

ತಣ್ಣೀರಿನಲ್ಲಿ ನೆನೆಸುವ ಸಲಹೆ ಎಲ್ಲ ಊರಿನ ಬಡಗಿಗಳೂ ಕೊಡುವಂಥದ್ದು. ಪೂರ್ತಿ ಸುಳ್ಳೇನಲ್ಲ, ಅರ್ಧ ನಿಜ. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಲಿಗ್ನಿನ್ ಎಂಬ ವಸ್ತು. ಅದು ಮೆತ್ತಗಾಗಲು ನೀರಿನ ಜೊತೆಗೆ ಕಾವೂ ಬೇಕು, ಅದೂ ನೀರು ಕುದಿಯುವ ಮಟ್ಟಕ್ಕೆ ಹತ್ತಿರದ ಕಾವು. ಮೇದರು ಬಿದಿರನ್ನೂ ಬೆತ್ತವನ್ನೂ ಬೆಂಕಿಗೆ ಹಿಡಿದೇ ಬಗ್ಗಿಸುವುದನ್ನು ನೀವು ನೋಡಿರುತ್ತೀರಿ. ಹಸಿ ಬಿದಿರಿನಲ್ಲಿ ನೀರು ಮೊದಲೇ ಇರುತ್ತದೆ, ಕಾವನ್ನು ಉರಿ ಕೊಡುತ್ತದೆ. ಪಿಟೀಲು ಮಾಡುವವರು ಅದರ ಪಕ್ಕದ ಹಲಗೆಗಳನ್ನು ಸುಮಾರು ಒಂದು ಮಿ.ಮೀ.ಗೆ ಇಳಿಸಿ, ತುಸು ಒದ್ದೆ ಮಾಡಿ, ಕಾದ ಲೋಹದ ಮೇಲೆ ಒತ್ತಿ ಬಾಗಿಸುತ್ತಾರೆ. ನೀರು, ಕಾವು, ತೆಳುವು ಮೂರೂ ಅಲ್ಲಿವೆ. ನಿಮ್ಮ ಬಕೆಟ್ಟಿನಲ್ಲಿ ಇದ್ದದ್ದು ನೀರೊಂದೇ.

ಹಾಗಾದರೆ ಹಬೆ? ಹಬೆಯಲ್ಲಿ ಬೆಂದ ಮರ ಕುಗ್ಗುವುದರಲ್ಲಿ ಬಲು ಉದಾರಿ. ಒಳ್ಳೆಯ ಜಾತಿಯಾದರೆ ಉದ್ದದ ಕಾಲು ಭಾಗದಷ್ಟು ಕುಗ್ಗಿದರೂ ಮುರಿಯದು. ಹಿಗ್ಗುವುದರಲ್ಲಿ ಮಾತ್ರ ಮೊದಲಿನಷ್ಟೇ ಜಿಪುಣ. ಈ ಒಂದು ಸಂಗತಿಯನ್ನು ಅರಿತೇ ಮಿಖಾಯೆಲ್ ಟೋನೆಟ್ ಕುರ್ಚಿಗಳ ಲೋಕವನ್ನೇ ಬದಲಾಯಿಸಿದರು. ಜರ್ಮನಿಯ ರೈನ್ ನದಿಯ ದಂಡೆಯ ಬೊಪ್ಪಾರ್ಡ್ ಎಂಬ ಊರಿನಲ್ಲಿ 1796ರಲ್ಲಿ ಹುಟ್ಟಿದ ಈ ಬಡಗಿ, ಬಗ್ಗಿಸುವ ಮರದ ಹೊರಮೈಗೆ ಉಕ್ಕಿನ ಪಟ್ಟಿಯೊಂದನ್ನು ಎರಡೂ ತುದಿಯಲ್ಲಿ ಬಿಗಿದರು. ಉಕ್ಕು ಹಿಗ್ಗಗೊಡುವುದಿಲ್ಲ, ಆದ್ದರಿಂದ ಮರವೆಲ್ಲ ಕುಗ್ಗುತ್ತಲೇ ಬಾಗಬೇಕಾಗುತ್ತದೆ. 1859ರಲ್ಲಿ ಬಂದ ಅವರ 14ನೇ ನಂಬರಿನ ಕುರ್ಚಿ ಆರೇ ತುಂಡು, ಹತ್ತು ಸ್ಕ್ರೂ, ಎರಡು ನಟ್ಟುಗಳದು. ಬಿಡಿ ತುಂಡುಗಳಲ್ಲಿ 36 ಕುರ್ಚಿಗಳು ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು.

ಆದರೆ ಟೋನೆಟ್ ಶುರು ಮಾಡಿದ್ದು ಹಬೆಯಿಂದಲ್ಲ. 1830ರ ದಶಕದಲ್ಲಿ ಅವರು ತೆಳ್ಳಗಿನ ಮರದ ಪಟ್ಟಿಗಳ ಕಟ್ಟನ್ನು ಅಂಟಿನಲ್ಲಿ ಕುದಿಸಿ, ಅಚ್ಚಿಗೆ ಹಾಕಿ ಬಗ್ಗಿಸುತ್ತಿದ್ದರು. ಅಂದರೆ ನೀವು ಈಗ ಮಾಡಹೊರಟಿರುವ ಕೆಲಸವನ್ನೇ. ಆಗಿನ ಅಂಟು ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದದ್ದು. ತೇವ ತಗುಲಿದರೆ ಮತ್ತೆ ಕರಗುವ ಗುಣ ಅದರದ್ದು. ಇಡಿಯ ಮರವನ್ನೇ ಬಗ್ಗಿಸುವ ದಾರಿಗೆ ಅವರು ಹೊರಳಿದ್ದಕ್ಕೆ ಅದೂ ಒಂದು ಕಾರಣ. ಇವತ್ತಿನ ಅಂಟುಗಳು ಆ ಕಷ್ಟವನ್ನು ನೀಗಿಸಿವೆ. ಹಾಗಾಗಿ ಟೋನೆಟ್ ಕೈಬಿಟ್ಟ ಹಾದಿಯೇ ಮನೆಯಲ್ಲಿ ಕೆಲಸ ಮಾಡುವವರಿಗೆ ಸಲೀಸು ಎಂಬುದು ನನ್ನ ಖಚಿತ ಅಭಿಪ್ರಾಯ. ಹಬೆಗೆ ಪೆಟ್ಟಿಗೆ ಬೇಕು, ಬಾಯ್ಲರ್ ಬೇಕು, ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಬೇಯಿಸಬೇಕು. ಬೆಂದ ಮರವನ್ನು ಹೊರತೆಗೆದ ಮೇಲೆ ಬಗ್ಗಿಸಲು ಸಿಗುವುದು ಒಂದೆರಡು ನಿಮಿಷ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಟಿಂಬರ್ ಡಿಪೋಗಳಲ್ಲಿ ಸಿಗುವ, ಕಾರ್ಖಾನೆಯ ಗೂಡಿನಲ್ಲಿ ಒಣಗಿಸಿದ ಮರ ಹಬೆಗೆ ಸರಿಯಾಗಿ ಒಗ್ಗುವುದಿಲ್ಲ. ಅದಕ್ಕೆ ಅರೆಹಸಿ ಮರವೇ ಆಗಬೇಕು.

ಪದರಗಳ ಹಾದಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಹಿಡಿದವರು ಫಿನ್‌ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ. 1933ರ ಅವರ ಮೂರು ಕಾಲಿನ ಸ್ಟೂಲು ಇಂದಿಗೂ ಮಾರಾಟದಲ್ಲಿದೆ. ಅದರ ಕಾಲುಗಳಲ್ಲಿ ಒಂದು ಜಾಣ್ಮೆಯಿದೆ: ಕಾಲು ಇಡಿಯ ಬರ್ಚ್ ಮರದ್ದೇ, ಆದರೆ ಬಾಗಬೇಕಾದ ತುದಿಯಲ್ಲಿ ಮಾತ್ರ ಎಳೆಯ ಉದ್ದಕ್ಕೆ ಗರಗಸದಿಂದ ಸಾಲುಸಾಲು ಸೀಳುಗಳನ್ನು ಕೊಯ್ದು, ಒಂದೊಂದು ಸೀಳಿನಲ್ಲೂ ಅಂಟು ಹಚ್ಚಿದ ತೆಳು ಪದರ ತೂರಿಸಿ, ಆಮೇಲೆ ಬಗ್ಗಿಸಿದ್ದು. ಬೇಕಾದಲ್ಲಿ ಮಾತ್ರ ಪದರ. ಅದೇ ದೇಶದ ಸೆಕ್ಟೋ ಡಿಸೈನ್ ಎಂಬ ಸಂಸ್ಥೆ ಬಾಗಿದ ಬರ್ಚ್ ಪಟ್ಟಿಗಳಿಂದ ದೀಪಗಳನ್ನು ಮಾಡುತ್ತದೆ. ನೀವು ನೋಡಿದಂಥ ದೀಪಗಳ ಕುಲದ ಹಿರಿಯರು ಇವರೆಲ್ಲ.

ಈಗ ಕೆಲಸದ ಮರ್ಮಕ್ಕೆ ಬರೋಣ. ನೂರು ಹಾಳೆಯ ನೋಟುಬುಕ್ಕೊಂದನ್ನು ಬಗ್ಗಿಸಿ ನೋಡಿ. ಸಲೀಸಾಗಿ ಬಾಗುತ್ತದೆ, ತುದಿಯಲ್ಲಿ ಹಾಳೆಗಳು ಮೆಟ್ಟಿಲು ಮೆಟ್ಟಿಲಾಗಿ ಜಾರಿರುತ್ತವೆ. ಈಗ ಅದೇ ನೋಟುಬುಕ್ಕಿನ ಎರಡೂ ತುದಿಗೆ ಗಟ್ಟಿ ಕ್ಲಿಪ್ಪು ಹಾಕಿ ಬಗ್ಗಿಸಿ. ಹಲಗೆಯಂತೆ ಬಿಗಿದುಕೊಂಡು ನಿಲ್ಲುತ್ತದೆ. ನಾವು ಮಾಡುವುದಿಷ್ಟೇ: ಪಟ್ಟಿಗಳು ಒಂದರ ಮೇಲೊಂದು ಜಾರುತ್ತ ಬಾಗಲಿ, ಬಾಗಿದ ಮೇಲೆ ಅಂಟು ಅವು ಮತ್ತೆ ಜಾರದಂತೆ ಹಿಡಿಯಲಿ. ನಾವು ಮರದ ಮೇಲೆ ಬಲ ಹಾಕುತ್ತಿಲ್ಲ, ಅದಕ್ಕೆ ಜಾರಲು ಅವಕಾಶ ಕೊಟ್ಟು ಆಮೇಲೆ ಆ ಅವಕಾಶವನ್ನು ಕಸಿದುಕೊಳ್ಳುತ್ತಿದ್ದೇವೆ. ಮುಂದೆ ನಾನು ಹೇಳುವ ಎಚ್ಚರಿಕೆಗಳಲ್ಲಿ ಅರ್ಧದಷ್ಟು ಈ ಮಾತಿನಿಂದಲೇ ಹೊರಟಂಥವು.

ಲೆಕ್ಕವೂ ಚೆಂದ ಕೂರುತ್ತದೆ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 12 ಮಿ.ಮೀ.ಯ ಒಂದೇ ಪಟ್ಟಿಗಿಂತ 1.5 ಮಿ.ಮೀ.ಯ ಎಂಟು ಬಿಡಿ ಪಟ್ಟಿಗಳ ಕಟ್ಟು 64 ಪಟ್ಟು ಸುಲಭವಾಗಿ ಬಾಗುತ್ತದೆ. ಅಂಟು ಹಿಡಿದ ಮೇಲೆ ಅದೇ ಕಟ್ಟು 64 ಪಟ್ಟು ಬಿಗಿಯಾಗುತ್ತದೆ. ಅಚ್ಚಿನಿಂದ ಬಿಡಿಸಿದಾಗ ಅದು ಹಿಂದಕ್ಕೆ ಚಿಮ್ಮುವುದೂ ಸರಿಸುಮಾರು 64ರಲ್ಲಿ ಒಂದು ಪಾಲು, ಅಂದರೆ ಅರ್ಧ ಸುತ್ತಿನ 180 ಡಿಗ್ರಿಯಲ್ಲಿ ಮೂರು ಡಿಗ್ರಿಯಷ್ಟು. ಪದರಗಳ ಸಂಖ್ಯೆಯ ವರ್ಗವೇ ಇಲ್ಲಿನ ಸೂತ್ರ. ನಾಲ್ಕೇ ಪದರ ಹಾಕಿದರೆ 16ರಲ್ಲಿ ಒಂದು ಪಾಲು ಬಿಚ್ಚಿಕೊಳ್ಳುತ್ತದೆ. ಎರಡೇ ಪದರವಾದರೆ ಕಾಲು ಭಾಗ ಹೋಯಿತು. ಇನ್ನೊಂದು ಸಂಖ್ಯೆ ನೆನಪಿಡಿ: ಅರ್ಧ ಸುತ್ತಿಗೆ ಹೊರಗಿನ ಮೈ ಒಳಗಿನದಕ್ಕಿಂತ ಒಟ್ಟು ದಪ್ಪದ 3.14 ಪಟ್ಟು ಉದ್ದವಿರಬೇಕು. 12 ಮಿ.ಮೀ.ಗೆ ಅದು 38 ಮಿ.ಮೀ. ಬಾಗು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಎಲ್ಲ ಪಟ್ಟಿಗಳನ್ನೂ ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಕತ್ತರಿಸಿಕೊಳ್ಳಿ ಎನ್ನುವುದು ಇದಕ್ಕೇ.

ಯಾವ ಮರ? ತೇಗ ಎಂದು ನಿಮ್ಮ ಮನಸ್ಸು ಮೊದಲೇ ಹೇಳಿರುತ್ತದೆ; ನಮ್ಮಲ್ಲಿ ಮರಗೆಲಸವೆಂದರೆ ತೇಗ. ಇಲ್ಲಿ ಮಾತ್ರ ಅದು ಹೊಸಬರಿಗೆ ತೊಂದರೆ ಕೊಡುತ್ತದೆ. ತೇಗದ ಮೈಯಲ್ಲಿ ಎಣ್ಣೆಯಂಶವಿದೆ, ಅಂಟು ಕಚ್ಚುವುದಿಲ್ಲ. ಅಂಟಿಸುವ ಮುಂಚೆ ಅಸಿಟೋನಿನಲ್ಲಿ ಒರೆಸಿ, ಆ ಎಣ್ಣೆ ಮತ್ತೆ ಮೇಲೆ ಬರುವುದರೊಳಗೆ ಅಂಟಿಸಬೇಕು. ಎಂಟು ಪಟ್ಟಿ, ಹದಿನಾಲ್ಕು ಮೈ. ಗಡಿಬಿಡಿಯಲ್ಲಿ ಒಂದಾದರೂ ಕೈತಪ್ಪುತ್ತದೆ. ನಾನು ಹೇಳುವುದು ಹೆಬ್ಬೇವು ಅಥವಾ ಸಿಲ್ವರ್ ಓಕ್. ಹೆಬ್ಬೇವನ್ನು ನಮ್ಮ ರೈತರು ಎಕರೆಗಟ್ಟಲೆ ಬೆಳೆಯುತ್ತಿರುವುದೇ ಪ್ಲೈವುಡ್ ಕಾರ್ಖಾನೆಗಳಿಗಾಗಿ. ಸಿಲ್ವರ್ ಓಕ್ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನಿಂತ ಮರ. ಎರಡೂ ನೇರ ಎಳೆಯವು, ಅಂಟನ್ನು ಚೆನ್ನಾಗಿ ಕುಡಿಯುತ್ತವೆ.

1.5 ಮಿ.ಮೀ. ಪಟ್ಟಿಯನ್ನು ಕೈಗರಗಸದಲ್ಲಿ ಕೊಯ್ಯಲು ಹೋಗಬೇಡಿ. ಅದು ಆಗುವ ಮಾತಲ್ಲ. ಎರಡು ದಾರಿಗಳಿವೆ. ಬ್ಯಾಂಡ್ ಸಾ ಇರುವ ಸಾಮಿಲ್ಲಿನಲ್ಲಿ ಎರಡೂವರೆ ಮಿ.ಮೀ.ಗೆ ಕೊಯ್ಯಿಸಿ, ಹತ್ತರಿ ಹಾಕಿ ಇಳಿಸುವುದು ಒಂದು. ಎಂಟು ಪಟ್ಟಿಗಳನ್ನೂ ಒಂದೇ ದಪ್ಪಕ್ಕೆ ತರುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಇನ್ನೊಂದು, ಪ್ಲೈವುಡ್ಡಿನ ಹೊಟ್ಟೆಯೊಳಗೆ ಹೋಗುವ ಕೋರ್ ವೆನಿಯರ್. ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತ ಅಲಗಿನಿಂದ ಸುತ್ತ ಸುಲಿದ ಈ ಹಾಳೆಗಳು ಒಂದೂವರೆ-ಎರಡು ಮಿ.ಮೀ. ದಪ್ಪದಲ್ಲಿ, ಒಂದೇ ಸಮನಾಗಿ ಸಿಗುತ್ತವೆ. ಉಕ್ಕಿನ ಅಳತೆಪಟ್ಟಿ ಇಟ್ಟು ಕಟ್ಟರ್‌ನಿಂದ ನಾಲ್ಕೈದು ಬಾರಿ ಗೀರಿದರೆ ಪಟ್ಟಿ ಬಿಡುತ್ತದೆ. ಮೊದಲ ಗೀರು ಹಗುರವಾಗಿರಲಿ, ಇಲ್ಲವಾದರೆ ಅಲಗು ಎಳೆಯ ಹಿಂದೆ ಹೋಗುತ್ತದೆ. ಎಳೆ ಪಟ್ಟಿಯ ಉದ್ದಕ್ಕೇ ಓಡುತ್ತಿರಬೇಕು, ಗಂಟು ಇರಕೂಡದು. ತೇಗದ ಚೆಲುವು ಬೇಕೇ ಬೇಕೆಂದರೆ ಅಲಂಕಾರದ ತೇಗದ ವೆನಿಯರನ್ನು ಹೊರಮೈಗೊಂದು, ಒಳಮೈಗೊಂದು ಪದರವಾಗಿ ಹಾಕಿ. ಹೊಟ್ಟೆಯೊಳಗೆ ಹೆಬ್ಬೇವೇ ಇರಲಿ. ಅಂಗಡಿಯವರ ದೀಪಗಳಲ್ಲೂ ಎಷ್ಟೋ ಹೀಗೆಯೇ ಇರುತ್ತವೆ.

ಪ್ಲೈವುಡ್ ಬಗ್ಗೆ ಕೇಳಿದ್ದಿರಿ. ಸಾಮಾನ್ಯ ಪ್ಲೈ ಆಗದು. ಅದರ ಪದರಗಳ ಎಳೆಗಳು ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಕೂತಿರುತ್ತವೆ, ಬಾಗಬಾರದೆಂದೇ ಮಾಡಿದ ವಸ್ತು ಅದು. ಫ್ಲೆಕ್ಸಿ ಪ್ಲೈ ಎಂದು ಒಂದು ಸಿಗುತ್ತದೆ. ಅದರ ಎರಡು ಹೊರಮೈಗಳ ಎಳೆಯೂ ಒಂದೇ ದಿಕ್ಕಿಗಿರುವುದರಿಂದ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಕೌಂಟರ್ ಮೇಜಿನ ದುಂಡು ಮೂಲೆಗೆ, ಕಂಬಕ್ಕೆ ಹೊದಿಸಲು ಒಳ್ಳೆಯದು. ತೆಳ್ಳಗಿನ ದೀಪದ ಕತ್ತಿಗೆ ಮಾತ್ರ ಬಲ ಸಾಲದು, ಅಂಚೂ ಚೆನ್ನಾಗಿ ಕಾಣುವುದಿಲ್ಲ.

ಒಣಗಿರುವಿಕೆ: ಈ ಒಂದು ವಿಷಯದಲ್ಲಿ ನಿಮ್ಮ ಊರು ನಿಮಗೆ ಎದುರಾಳಿ. ಗಾಳಿಯ ತೇವಾಂಶ 65ರಷ್ಟಿದ್ದರೆ ಮರ ತನ್ನೊಳಗೆ ಸುಮಾರು 12 ಶೇಕಡಾ ನೀರು ಹಿಡಿದುಕೊಳ್ಳುತ್ತದೆ. 85ಕ್ಕೇರಿದರೆ 18ಕ್ಕೆ ಮುಟ್ಟುತ್ತದೆ. ಜುಲೈ ತಿಂಗಳ ಶಿರಸಿಯಲ್ಲಿ ಅಂಟಿಸಿದ ಬಾಗು ಮಾರ್ಚಿನಲ್ಲಿ ಒಣಗಿ ಕುಗ್ಗುವಾಗ ಆಕಾರ ತುಸು ಬದಲಾಗುತ್ತದೆ, ಅಂಟಿನ ಗೆರೆ ಬಿಡುವುದೂ ಉಂಟು. ಅದೂ ಅಲ್ಲದೆ ಬಿಳಿ ಅಂಟು ಗಟ್ಟಿಯಾಗುವುದೇ ತನ್ನ ನೀರನ್ನು ಮರಕ್ಕೆ ಬಿಟ್ಟುಕೊಟ್ಟು. ಮರವೇ ನೀರು ಕುಡಿದು ಕೂತಿದ್ದರೆ ಅದು ಕೊಡುವುದಾದರೂ ಎಲ್ಲಿಗೆ? ತೇವ ಅಳೆಯುವ ಮೀಟರ್ ಕೊಳ್ಳಬೇಕಿಲ್ಲ. ಪಟ್ಟಿಗಳ ಕಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ಒಲೆಯ ಕಾವು ತಟ್ಟುವ ಅಟ್ಟದಲ್ಲಿಡಿ, ಎರಡು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಿತೆಂದರೆ ಪಟ್ಟಿ ತಯಾರು. ಹಳೆಯ ಮನೆಗಳಲ್ಲಿ ಮರಮಟ್ಟನ್ನು ಅಟ್ಟಕ್ಕೆ ಹಾಕಿಡುತ್ತಿದ್ದುದು ಜಾಗ ಉಳಿಸಲಷ್ಟೇ ಅಲ್ಲ.

ಅಚ್ಚು ಮಾಡಲು 18 ಮಿ.ಮೀ. ಪ್ಲೈವುಡ್ಡಿನ ಚೂರುಗಳು ಸಾಕು. 24 ಸೆಂ.ಮೀ. ಅಗಲ, ಅರ್ಧ ಮೀಟರ್ ಎತ್ತರದ ಎರಡು ತುಂಡುಗಳನ್ನು ಜೋಡಿಸಿ ಅಂಟಿಸಿ, ಮೇಲ್ತುದಿಯನ್ನು 12 ಸೆಂ.ಮೀ. ತ್ರಿಜ್ಯದ ಅರ್ಧವೃತ್ತಕ್ಕೆ ಕೊಯ್ದುಕೊಳ್ಳಿ. ಈ ಅಂಚನ್ನು ಉಜ್ಜಿ ನಯ ಮಾಡುವುದರಲ್ಲಿ ಸೋಮಾರಿತನ ಬೇಡ. ಅಚ್ಚಿನ ಒಂದು ತಗ್ಗು ದೀಪದಲ್ಲಿ ಒಂದು ಟೊಳ್ಳಾಗಿ ಹುಟ್ಟುತ್ತದೆ, ಅದನ್ನು ಆಮೇಲೆ ಯಾವ ಪಾಲಿಶ್ಶೂ ಮುಚ್ಚದು. ಬಾಗಿನ ಅಂಚಿನಿಂದ ನಾಲ್ಕೈದು ಸೆಂ.ಮೀ. ಒಳಗೆ ಸಾಲಾಗಿ ಹೆಬ್ಬೆರಳು ತೂರುವಷ್ಟು ತೂತುಗಳನ್ನು ಕೊರೆಯಿರಿ. ಅಚ್ಚಿನ ಮೈಗೆಲ್ಲ ಪ್ಯಾಕಿಂಗ್ ಟೇಪ್ ಅಂಟಿಸಿ; ಅದಕ್ಕೆ ಅಂಟು ಹಿಡಿಯುವುದಿಲ್ಲ. ಟೇಪು ಮರೆತರೆ ದೀಪದ ಜೊತೆ ಅಚ್ಚೂ ಸೇರಿ ಒಂದೇ ಶಿಲ್ಪವಾಗುತ್ತದೆ.

ಕ್ಲಾಂಪಿನ ಉಪಾಯ ಇಲ್ಲಿದೆ. ಸೈಕಲ್ ಶಾಪಿನಿಂದ ಹಳೆಯ ಟ್ಯೂಬುಗಳನ್ನು ತಂದು ಉದ್ದುದ್ದಕ್ಕೆ ಸೀಳಿ. ನೆಟ್ಟಗಿನ ಕಾಲಿನ ಭಾಗಕ್ಕೆ ನಿಮ್ಮ ಐದಾರು ಕ್ಲಾಂಪುಗಳು ಸಾಕು, ಜೊತೆಗೆ ಒತ್ತಡ ಸಮನಾಗಿ ಹಂಚಲು ಒಂದು ರೀಪು. ಬಾಗಿನ ಭಾಗದಲ್ಲಿ ಟ್ಯೂಬನ್ನು ತೂತಿನೊಳಗಿಂದ ತಂದು, ಪಟ್ಟಿಗಳ ಮೇಲೆ ಎಳೆದು, ಮುಂದಿನ ತೂತಿಗೆ ತೂರಿಸಿ, ಹೀಗೆ ಸುತ್ತಿನ ಮೇಲೆ ಸುತ್ತು ಬಿಗಿಯಿರಿ. ರಬ್ಬರಿನ ಒಂದೊಂದು ಸುತ್ತೂ ಹಿಂದಿನ ಒತ್ತಡಕ್ಕೆ ಸೇರುತ್ತ ಹೋಗುತ್ತದೆ. ಕೊನೆಗೆ ಸಿಗುವ ಬಿಗಿ ದುಬಾರಿ ಕ್ಲಾಂಪುಗಳಿಗೇನೂ ಕಡಿಮೆಯಿರುವುದಿಲ್ಲ, ಅಂಟಿನ ಗೆರೆಯೂ ಅದಕ್ಕಿಂತ ಸಮನಾಗಿ ಕೂರುತ್ತದೆ. ಪಟ್ಟಿಗಳ ಮೇಲೆ, ಟ್ಯೂಬಿನ ಕೆಳಗೆ, ಪ್ಲಾಸ್ಟಿಕ್ ಸುತ್ತಿದ ಒಂದು ಹೆಚ್ಚುವರಿ ಪಟ್ಟಿ ಇಡುವುದನ್ನು ಮರೆಯಬೇಡಿ.

ಅಂಟು ಹಚ್ಚದೆ ಒಮ್ಮೆ ಪೂರ್ತಿ ಬಿಗಿದು ನೋಡಿ. ಎಲ್ಲಿ ಕೈ ಸಾಲದು, ಯಾವ ಪಟ್ಟಿ ಚಿಟಿಚಿಟಿ ಎನ್ನುತ್ತದೆ, ಯಾವ ಸಾಮಾನು ದೂರದಲ್ಲಿದೆ ಎಂಬುದೆಲ್ಲ ಆಗಲೇ ತಿಳಿಯಬೇಕು. ಬಿಳಿ ಅಂಟು ಕೆಲಸಕ್ಕೆ ಕೊಡುವುದು ಕೆಲವೇ ನಿಮಿಷ, ಬಿಸಿಲಿನ ದಿನವಾದರೆ ಇನ್ನೂ ಕಡಿಮೆ. ಚಿಟಿಚಿಟಿ ಎಂದ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ ಅಚ್ಚಿಗೆ ಒಗ್ಗಿಸಬಹುದು. ಆದರೆ ಮತ್ತೆ ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು.

ಅಂಟಿನ ಆಯ್ಕೆಗೆ ಬಂದರೆ, ಫೆವಿಕಾಲ್ ಎಂದು ನಾವೆಲ್ಲ ಕರೆಯುವ ಬಿಳಿ ಅಂಟಿಗೆ ಒಂದು ದೌರ್ಬಲ್ಯವಿದೆ: ಒಣಗಿದ ಮೇಲೂ ಅದು ತುಸು ಮೆದುವೇ. ಸದಾ ಎಳೆತದಲ್ಲಿರುವ ಪದರಗಳು ತಿಂಗಳುಗಟ್ಟಲೆ ಕಾಲದಲ್ಲಿ ಅದರೊಳಗೆ ಮೆಲ್ಲಗೆ ಜಾರುತ್ತವೆ. 3 ಮಿ.ಮೀ.ಯ ನಾಲ್ಕು ಪಟ್ಟಿ ಹಾಕಿದವರ ದೀಪ ವರ್ಷದೊಳಗೆ ಬಾಯಿ ತೆರೆಯುವುದು ಹೀಗೆ. 1.5 ಮಿ.ಮೀ.ಯ ಎಂಟು ಪಟ್ಟಿಗಳಲ್ಲಿ ಎಳೆತವೇ ಕಡಿಮೆ, ಆದ್ದರಿಂದ ಭಯವಿಲ್ಲ. ನಿಮ್ಮ ಮಳೆಗೆ ನೀರು ತಡೆಯುವ ಮರೀನ್ ಬಗೆಯದೇ ಇರಲಿ. ಎರಡು ಟ್ಯೂಬಿನ ಎಪಾಕ್ಸಿ ಇನ್ನೂ ಗಟ್ಟಿ, ಸಂದುಗಳನ್ನೂ ತುಂಬುತ್ತದೆ, ಬೆಲೆಯೂ ಅಷ್ಟೇ ಗಟ್ಟಿ. ಪ್ಲೈವುಡ್ ಕಾರ್ಖಾನೆಗಳು ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಜಾರುವುದೇ ಇಲ್ಲ. ಆದರೆ ಮಲಗುವ ಕೋಣೆಯಲ್ಲಿ ಇಡುವ ವಸ್ತುವಿಗೆ ಆ ಘಾಟು ಯಾಕೆ?

ಎಲ್ಲ ಮೈಗೂ ತೆಳುವಾಗಿ, ಒಂದು ಚುಕ್ಕೆ ಬಿಡದೆ ಹಚ್ಚಿ. ಕಾಲಿನ ತುದಿಯಿಂದ ಬಿಗಿಯಲು ಶುರು ಮಾಡಿ ಬಾಗಿನ ಕಡೆಗೆ ಸಾಗಿ, ಇನ್ನೊಂದು ತುದಿ ಕೊನೆಗೆ. ಎರಡೂ ತುದಿಗಳನ್ನು ಮೊದಲೇ ಬಿಗಿದಿರೋ, ಕ್ಲಿಪ್ಪು ಹಾಕಿದ ಆ ನೋಟುಬುಕ್ಕಿನ ಗತಿಯೇ: ಜಾರಲಾರದ ಪಟ್ಟಿಗಳು ನಡುವೆ ಉಬ್ಬಿಕೊಂಡು ನಿಲ್ಲುತ್ತವೆ. ಬಿಗಿದಾಗ ಅಂಚಿನುದ್ದಕ್ಕೂ ಅಂಟು ಹನಿಹನಿಯಾಗಿ ಹೊರಬಂದರೆ ಸರಿಯಾಗಿದೆ ಎಂದು ತಿಳಿಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಒಂದು ದಿನ ಪೂರ್ತಿ ಅಚ್ಚಿನಲ್ಲೇ ಇರಲಿ, ಮಳೆಗಾಲವಾದರೆ ಎರಡು ದಿನ.

ತಂತಿ ಎಲ್ಲಿ ಹೋಗಬೇಕು ಎಂಬುದನ್ನು ಅಂಟಿಸುವ ಮುಂಚೆಯೇ ಯೋಚಿಸಬೇಕು, ಆಮೇಲೆ ಬಾಗಿದ ಮರದೊಳಗೆ ತೂತು ಕೊರೆಯಲಾಗದು. ನಡುವಿನ ಎರಡು ಪದರಗಳನ್ನು ಇಡಿಯಾಗಿ ಹಾಕದೆ, ಒಂದೊಂದನ್ನೂ ಎರಡು ಕಿರುಪಟ್ಟಿಗಳಾಗಿ ಸೀಳಿ, ನಡುವೆ 8 ಮಿ.ಮೀ. ಜಾಗ ಬಿಡಿ. 3 ಮಿ.ಮೀ. ಎತ್ತರದ ಕೊಳವೆಯೊಂದು ಬುಡದಿಂದ ತುದಿಯವರೆಗೂ ಸಿಗುತ್ತದೆ. ಬಾಗಿದ ಪಟ್ಟಿಯ ನಟ್ಟನಡುವೆ ಹಿಗ್ಗೂ ಇಲ್ಲ, ಕುಗ್ಗೂ ಇಲ್ಲ, ಹಾಗಾಗಿ ಅಲ್ಲಿಂದ ಮರ ತೆಗೆದರೆ ಬಲ ಹೆಚ್ಚೇನೂ ಕುಂದುವುದಿಲ್ಲ. ಆ ಸಂದಿನಲ್ಲಿ ಮೇಣ ಉಜ್ಜಿದ ನೈಲಾನ್ ಹುರಿ ಇಟ್ಟು ಅಂಟಿಸಿ, ಅಂಟು ಒಣಗುವ ಮೊದಲ ಒಂದೆರಡು ಗಂಟೆಯಲ್ಲಿ ಆಗಾಗ ಹುರಿಯನ್ನು ಹಿಂದೆ ಮುಂದೆ ಎಳೆಯುತ್ತಿರಿ. ಆಮೇಲೆ ತಂತಿಯನ್ನು ಅದಕ್ಕೇ ಕಟ್ಟಿ ಎಳೆದುಕೊಳ್ಳಬಹುದು.

ಆ ತಂತಿ 12 ವೋಲ್ಟಿನದೇ ಆಗಿರಲಿ ಎಂದು ಒತ್ತಾಯಿಸುತ್ತೇನೆ. ಮನೆಯ 230 ವೋಲ್ಟನ್ನು ಮನೆಯಲ್ಲೇ ಮಾಡಿದ ಮರದ ಕೊಳವೆಯೊಳಗೆ ಬಿಡುವ ಧೈರ್ಯ ಬೇಡ. ಬಿಐಎಸ್ ಗುರುತಿರುವ 12 ವೋಲ್ಟಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರಲಿ, ದೀಪದೊಳಗೆ ಬರುವುದು ತೆಳ್ಳಗಿನ ಕೆಂಪು-ಕಪ್ಪು ಜೋಡಿ ತಂತಿಯಷ್ಟೇ. ಬಾಗಿನ ಕೆಳಮೈಯಲ್ಲಿ, ತುದಿಯ ಕಡೆಯ 25 ಸೆಂ.ಮೀ. ಉದ್ದಕ್ಕೆ ಅಲ್ಯೂಮಿನಿಯಂ ಟೇಪು ಹಚ್ಚಿ, ಅದರ ಮೇಲೆ ಎಲ್‌ಇಡಿ ಪಟ್ಟಿ ಅಂಟಿಸಿ. ಮೀಟರಿಗೆ 14 ವಾಟ್‌ನ ಪಟ್ಟಿಯಾದರೆ ಈ ತುಂಡಿಗೆ ಮೂರೂವರೆ ವಾಟ್. ಹಾಸಿಗೆಯ ಪಕ್ಕ ಓದಲು ಅಷ್ಟು ಬೆಳಕು ಸಾಕು. 2700 ಅಥವಾ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯದನ್ನೇ ಕೇಳಿ ತನ್ನಿ. ಟ್ಯೂಬ್‌ಲೈಟಿನ ಬಿಳಿಯಲ್ಲಿ ಮರ ಬೂದಿ ಬಳಿದಂತೆ ಕಾಣುತ್ತದೆ. ಹಳೆಯ ತಂತಿ ಬಲ್ಬನ್ನಂತೂ ಹಾಕಲೇಬೇಡಿ. ಅದು ಕುಡಿಯುವ ವಿದ್ಯುತ್ತಿನ ಬಹುಪಾಲು ಶಾಖವಾಗುತ್ತದೆ, ಬಿಳಿ ಅಂಟು ಶಾಖಕ್ಕೆ ಮೆತ್ತಗಾಗುತ್ತದೆ.

ಇನ್ನು ಉಳಿದದ್ದು ಬೇಗ ಮುಗಿಯುತ್ತದೆ. 40 ಮಿ.ಮೀ. ಅಗಲಕ್ಕೆ ಅಂಟಿಸಿದ್ದನ್ನು ಹತ್ತರಿಯಿಂದ 35ಕ್ಕೆ ಇಳಿಸಿ. ಒಣಗಿದ ಅಂಟಿನ ಅಂಚು ಬ್ಲೇಡಿನಷ್ಟೇ ಹರಿತ, ಕೈಗವಸು ಇರಲಿ. 120, 180, 240 ನಂಬರಿನ ಸ್ಯಾಂಡ್ ಪೇಪರುಗಳಲ್ಲಿ ಕ್ರಮವಾಗಿ ಉಜ್ಜಿ. ಬುಡಕ್ಕೆ ಅಡುಗೆಕಟ್ಟೆ ಮಾಡುವವರ ಬಳಿ ಉಳಿದ ಗ್ರಾನೈಟ್ ತುಂಡು ಕೇಳಿ. 20ಕ್ಕೆ 15 ಸೆಂ.ಮೀ. ಅಳತೆಯ, 18 ಮಿ.ಮೀ. ದಪ್ಪದ ತುಂಡು ಒಂದೂವರೆ ಕೆ.ಜಿ.ಯ ಹತ್ತಿರ ತೂಗುತ್ತದೆ. ಅದರ ಮೇಲೆ ಮರದ ದಿಮ್ಮಿಯೊಂದನ್ನು ಕೂರಿಸಿ, ಕಾಲನ್ನು ಅದರ ತೋಡಿನಲ್ಲಿ ನಿಲ್ಲಿಸಿ. ಕಾಲು ಕಲ್ಲಿನ ಹಿಂದಿನ ಅಂಚಿಗೆ ಹತ್ತಿರವಿರಲಿ, ಕೊಕ್ಕೆ ಕಲ್ಲಿನ ಮೇಲೆಯೇ ಬಾಗಲಿ, ಆಗ ಮುಗ್ಗರಿಸುವುದಿಲ್ಲ. ಪಾಲಿಶಿಗೆ ಅರಗು ಸಾಕು, ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ತೆಳುತೆಳುವಾಗಿ ಹಚ್ಚುವ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದೇ. ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಹರವಿ ಒಣಗಿಸಿದ ಮೇಲೆಯೇ ಬಿಸಾಡಿ.

ಮೊದಲ ದೀಪಕ್ಕೆ 12 ಸೆಂ.ಮೀ.ಗಿಂತ ಸಣ್ಣ ಬಾಗಿನ ಆಸೆ ಇಟ್ಟುಕೊಳ್ಳಬೇಡಿ. ಪಟ್ಟಿಯ ದಪ್ಪದ 60ರಿಂದ 80 ಪಟ್ಟು ತ್ರಿಜ್ಯ ಇದ್ದರೆ ಒಣ ಮರ ತಕರಾರಿಲ್ಲದೆ ಬಾಗುತ್ತದೆ. ಅದಕ್ಕಿಂತ ಬಿಗಿಯಾದ ಸುತ್ತು ಬೇಕೆಂದರೆ 0.5 ಮಿ.ಮೀ.ಯ ಅಲಂಕಾರದ ವೆನಿಯರನ್ನೇ ಇಪ್ಪತ್ತಕ್ಕೂ ಹೆಚ್ಚು ಪದರ ಹಾಕಬೇಕಾದೀತು. ಅದನ್ನು ಎರಡನೆಯ ದೀಪಕ್ಕೆ ಇಟ್ಟುಕೊಳ್ಳಿ. ಪಟ್ಟಿಗಳನ್ನು ಈಗಲೇ ಕತ್ತರಿಸಿ ಅಟ್ಟಕ್ಕೆ ಹಾಕಿ, ಅಚ್ಚಿನ ಕೆಲಸವನ್ನು ಮಳೆಗಾಲದಲ್ಲಿ ಮುಗಿಸಿಕೊಳ್ಳಿ. ಅಂಟಿನ ಡಬ್ಬಿಯನ್ನು ಮಾತ್ರ ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ತೆರೆಯಿರಿ.